ಚೆನ್ನಾಗಿ ಉಜ್ಜಿದವರ ದೋಣಿ

ಮಾರ್ಚ್ 3, ಸೋಮವಾರ

ಕಡಲಿಗೆ ಗೋಡೆ ಕಟ್ಟುವ ಮೊದಲು ಬಂದರು ಕಚೇರಿಯವರು ನಮಗೆ ಕೊಡುತ್ತೇವೆ ಎಂದದ್ದು:

ದೋಣಿ ನಿಲ್ಲಿಸಲು ಹೊಸ ಜಾಗ. ಕೊಡಲಿಲ್ಲ.

ದೋಣಿ ರಿಪೇರಿಗೆ ಒಂದು ಶೆಡ್. ಕೊಡಲಿಲ್ಲ.

ಬಲೆ ಇಡಲು ಒಂದು ಕೋಣೆ. ಕೋಣೆ ಕಟ್ಟಿದರು, ಬೀಗ ಜಡಿದರು, ಕೀಲಿ ಕೊಡಲಿಲ್ಲ.

ಹದಿನಾಲ್ಕು ದೋಣಿಗೂ ಯಾವ ತಕರಾರೂ ಇಲ್ಲದೆ ಪರವಾನಗಿ. ಇವತ್ತು ನೋಟಿಸು ಬಂತು. ಈ ತಿಂಗಳ 31ಕ್ಕೆ ತಪಾಸಣೆಯಂತೆ. ನೀರು ಸೋರುವ ದೋಣಿಯ ಪರವಾನಗಿ ರದ್ದು. ಒಮ್ಮೆ ರದ್ದಾದರೆ ಮತ್ತೆ ಸಿಗುವುದಿಲ್ಲ.

ದೋಣಿಯ ತಳಕ್ಕೆ ಬಳಿಯಲು ಒಂದೊಂದು ಬಕೆಟ್ ಕೆಂಪು ಬಣ್ಣ. ಇದೊಂದನ್ನು ಕೊಟ್ಟರು. ಎರಡು ವರ್ಷದ ಹಿಂದೆ, ಸಾಲಾಗಿ ನಿಲ್ಲಿಸಿ, ಫೋಟೊ ತೆಗೆಸಿಕೊಂಡು ಕೊಟ್ಟರು.

ಇದನ್ನೆಲ್ಲ ಬರೆದಿಡುವುದು ಯಾರಿಗೂ ತೋರಿಸಲಿಕ್ಕಲ್ಲ. ಬರೆಯದಿದ್ದರೆ ಯಾರ ಮೇಲಾದರೂ ಕೈ ಮಾಡಿಬಿಡುತ್ತೇನೆ, ಅದಕ್ಕೆ.

ನಮ್ಮ ದೋಣಿ ಹಿತ್ತಲಿನಲ್ಲಿ ಬೋರಲು ಬಿದ್ದು ಒಂದು ವರ್ಷವಾಯಿತು. ಅಪ್ಪ ಕೊಂಡ ಅಲ್ಯೂಮಿನಿಯಂ ದೋಣಿ. ಅವರ ಮಂಡಿ ಸೋತ ಮೇಲೆ ಪರವಾನಗಿ ನನ್ನ ಹೆಸರಿಗಾಯಿತು. ನಾನೂ ತಮ್ಮನೂ ಹೋಗುತ್ತಿದ್ದೆವು. ಹೋದ ವರ್ಷ ಸೋರತೊಡಗಿತು. "ಇದು ಮುಗೀತು ಅಕ್ಕಾ" ಎಂದು ಅವನು ದೋಣಿ ಎಳೆದು ತಂದು ಕವುಚಿ ಹಾಕಿದ. ಹಾಕಿದವನು ನೆಟ್ಟಗೆ ಹೋಗಿ ಅದೇ ಗೋಡೆಯ ಗೇಟು ಕಾಯುವ ಕೆಲಸಕ್ಕೆ ಸೇರಿದ. ನಮ್ಮನ್ನು ಒಳಗೆ ಬಿಡದ ಗೇಟು! ಬೇರೆ ಮನೆಯನ್ನೂ ಮಾಡಿಕೊಂಡ. ಅಂದಿನಿಂದ ಅವನು ನನಗೆ ತಮ್ಮನಲ್ಲ, ಗೇಟಿನವ. ನಾನು ಮೀನಿನ ಕಾರ್ಖಾನೆಯಲ್ಲಿ ನಿಂತು ಇನ್ನೊಬ್ಬರು ಹಿಡಿದ ಮೀನಿನ ಹೊಟ್ಟೆ ಸೀಳುತ್ತಿದ್ದೇನೆ.

ನಾಳೆಯಿಂದ ಬೆಳಗಿನ ಪಾಳಿ ಕೇಳಿದ್ದೇನೆ. ಮಧ್ಯಾಹ್ನದಿಂದ ದೋಣಿ.

ಮಾರ್ಚ್ 4, ಮಂಗಳವಾರ

ದೋಣಿಯವರ ಸಭೆ ಇತ್ತಂತೆ. ಹೋಗಲಿಲ್ಲ. ಹದಿನಾಲ್ಕು ಮಂದಿ ಸೇರಿ ಹದಿನಾಲ್ಕು ಸಲ ಅಯ್ಯೋ ಎನ್ನುವುದನ್ನು ಕೇಳಲು ನನಗೆ ಹೊತ್ತಿಲ್ಲ. ಅವರವರ ದೋಣಿ ಅವರವರು ನೋಡಿಕೊಳ್ಳಲಿ.

ಮಾರ್ಚ್ 6, ಗುರುವಾರ

ದೋಣಿಯನ್ನು ಮಗುಚಿ ನೆಟ್ಟಗೆ ಕೂರಿಸಿದೆ. ಪಕ್ಕದ ಮನೆಯ ವೆಲ್ಡರ್ ಒಂದು ಕೈ ಕೊಟ್ಟ. ಅಪ್ಪ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಕೈ ಒಂದು ಬಿಟ್ಟು ಮಿಕ್ಕದ್ದನ್ನೆಲ್ಲ ಕೊಟ್ಟರು.

"ಮೂತಿ ಹಿಡೀಬೇಡ, ಪಕ್ಕೆ ಹಿಡಿ! ಪಕ್ಕೆ ಅಂದ್ರೆ ಗೊತ್ತಿಲ್ವಾ ನಿಂಗೆ? ನಲವತ್ತೈದು ವರ್ಷ ಆಯ್ತು, ಇನ್ನೂ ಪಕ್ಕೆ ಯಾವುದು ಅಂತ ಹೇಳಿಕೊಡ್ಬೇಕು."

"ನೀವೇ ಬಂದು ಹಿಡೀರಿ ಹಾಗಾದ್ರೆ."

"ಮಂಡಿ ಇದ್ದಿದ್ರೆ ನಿನ್ನನ್ನ ಯಾರು ಕರೀತಿದ್ರು?"

ಎಂಜಿನ್ ಕೂರಿಸುವ ಹಿಂಬದಿಯ ಹಲಗೆ ಪೂರ್ತಿ ಕೊಳೆತಿದೆ. ಬೆರಳು ಒತ್ತಿದರೆ ರೊಟ್ಟಿಯ ಹಾಗೆ ಮುರಿಯಿತು. ನೆಲದ ಹಲಗೆಗಳೂ ಅಷ್ಟೇ. ಎಲ್ಲ ಕಿತ್ತು ರಾಶಿ ಹಾಕಿದೆ. ನೋಟಿಸಿನ ಹಿಂದೆ ಹೊಸ ನಿಯಮಗಳ ಪಟ್ಟಿ ಬೇರೆ: ಒಳಗೆ ಬಂದ ನೀರನ್ನು ಹೊರಹಾಕಲು ಬ್ಯಾಟರಿ ಪಂಪು, ಮುಂದೊಂದು ಹಿಂದೊಂದು ದೀಪ, ಮುಳುಗಿದರೂ ತೇಲುವಂತೆ ಸೀಟಿನಡಿ ಥರ್ಮಕೋಲು. ಅಪ್ಪ ನಲವತ್ತು ವರ್ಷ ದೀಪವಿಲ್ಲದೆ ಹೋಗಿ ದೀಪವಿಲ್ಲದೆ ಬಂದರು. ಈಗ ನಿಲ್ಲಿಸಲು ಜಾಗ ಕೊಡದವರಿಗೆ ದೀಪ ಬೇಕು.

ಮಾರ್ಚ್ 9, ಭಾನುವಾರ

ಸೋರುವ ಜಾಗ ಹುಡುಕಲು ನಮ್ಮಲ್ಲಿ ಒಂದೇ ದಾರಿ. ದೋಣಿಯನ್ನು ಎರಡು ಅಡ್ಡಮರಗಳ ಮೇಲೆ ಎತ್ತಿ ಕೂರಿಸಿ, ಒಳಗೆ ನೀರು ತುಂಬಿಸಿ, ಸೀಮೆಸುಣ್ಣ ಹಿಡಿದು ಅಡಿಗೆ ತೂರಿಕೊಳ್ಳಬೇಕು. ಹೊರಗಿನ ನೀರು ಎಲ್ಲಿಂದ ಒಳಗೆ ಬರುತ್ತದೋ ಒಳಗಿನ ನೀರು ಅಲ್ಲಿಂದಲೇ ಹೊರಗೆ ಬರುತ್ತದೆ. ಹನಿ ಬಿದ್ದಲ್ಲೆಲ್ಲ ಒಂದು ಸುತ್ತು ಎಳೆಯುವುದು.

ತಗಡು ಜೋಡಿಸಿದ ರಿವೆಟ್‌ಗಳು ಸಡಿಲವಾಗಿರುತ್ತವೆ, ಹತ್ತು ಹನ್ನೆರಡು ಇರಬಹುದು ಎಂದುಕೊಂಡಿದ್ದೆ. ಮಲಗಿ ಎಣಿಸಿದೆ. ಸಡಿಲ ರಿವೆಟ್ ಏಳು. ಬರೀ ತಗಡಿನಲ್ಲಿ, ರಿವೆಟ್ಟೂ ಇಲ್ಲದ ಕಡೆ, ಸೂಜಿಮೊನೆಯಷ್ಟು ತೂತುಗಳು ಅರವತ್ತೊಂದು. ಸುಣ್ಣದ ಕಡ್ಡಿ ಮುಗಿಯಿತು, ತೂತು ಮುಗಿಯಲಿಲ್ಲ. ಮುಖದ ಮೇಲೆ, ಬಾಯಿಯೊಳಗೆ, ಕಿವಿಯೊಳಗೆ ನೀರು. ಕೆಂಪು ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿದೆ. ಗುಳ್ಳೆಯನ್ನು ಉಗುರಿನಿಂದ ಕೆರೆದರೆ ಅಡಿಯಲ್ಲಿ ಬಿಳಿ ಹಿಟ್ಟು, ಹಿಟ್ಟಿನ ಅಡಿಯಲ್ಲಿ ತೂತು.

"ಎಷ್ಟು?" ಎಂದರು ಅಪ್ಪ.

ಹೇಳಿದೆ. ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಮಲಗಿದರು.

ಮಾರ್ಚ್ 11, ಮಂಗಳವಾರ

ವೆಲ್ಡರ್ ಬಂದು ಕನ್ನಡಕ ಹಣೆಗೇರಿಸಿ ಅಡಿಯಲ್ಲಿ ಮಲಗಿ ನೋಡಿದ.

"ಇದು ತುಕ್ಕಲ್ಲ. ಈ ಲೋಹಕ್ಕೆ ಹೀಗೆ ತುಕ್ಕು ಹಿಡಿಯಲ್ಲ. ಇದನ್ನ ಏನೋ ತಿಂದಿದೆ."

"ಏನು ತಿನ್ನುತ್ತೆ ತಗಡನ್ನ? ಗೆದ್ದಲಾ?"

"ಅಲ್ಯೂಮಿನಿಯಂ ಪಾತ್ರೇಲಿ ಉಪ್ಪುನೀರು ಹಾಕಿ, ತಾಮ್ರದ ತುಂಡೊಂದು ಬಿಟ್ಟು ನೋಡು. ತಾಮ್ರ ಪಾತ್ರೇನ ತಿಂದುಹಾಕುತ್ತೆ. ಈ ದೋಣೀಲಿ ತಾಮ್ರ ಏನಾದ್ರೂ ಇಟ್ಟಿದ್ರಾ?"

ನನಗೆ ತಕ್ಷಣ ಗೊತ್ತಾಯಿತು. ಗೇಟಿನವ! ಹಿಂದಿನ ವರ್ಷ ಬ್ಯಾಟರಿಯ ತಂತಿ ಎಂದು ಏನೇನೋ ದೋಣಿಯಲ್ಲಿ ಎಳೆದಾಡಿದ್ದ. ಸೀದಾ ಗೇಟಿಗೆ ಹೋದೆ. ಸಮವಸ್ತ್ರ, ಟೋಪಿ, ಕೈಯಲ್ಲಿ ಹೆಸರು ಬರೆಯುವ ಪುಸ್ತಕ.

"ಅಕ್ಕಾ, ಡ್ಯೂಟೀಲಿದೀನಿ, ಆಮೇಲೆ..."

"ಅಕ್ಕ ಅನ್ನಬೇಡ. ಅಪ್ಪನ ದೋಣಿಗೆ ಅರವತ್ತೊಂದು ತೂತು ಹಾಕಿ ಇಲ್ಲಿ ಬಂದು ನಿಂತಿದೀಯಲ್ಲ, ನಾಚಿಕೆ ಆಗಲ್ವಾ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅವರ ಟೋಪಿ ಹಾಕ್ಕೊಂಡಿದೀಯ, ತಲೇನೂ ಅವರಿಗೇ ಕೊಟ್ಟುಬಿಡು."

ಲಾರಿಯವರು ಇಳಿದು ನಿಂತು ನೋಡುತ್ತಿದ್ದರು. ಅವನು ಪುಸ್ತಕ ನೋಡಿಕೊಂಡು ನಿಂತಿದ್ದ, ತಲೆ ಎತ್ತಲಿಲ್ಲ. ಅವನ ಕಿವಿ ಕೆಂಪಾಗಿತ್ತು. ಒಳ್ಳೆಯದೇ ಆಯಿತು.

ಮಾರ್ಚ್ 12, ಬುಧವಾರ

ತಂತಿ ಎಳೆದದ್ದು ಸೀಟಿನ ಮೇಲೆ. ತೂತು ಬಿದ್ದದ್ದು ತಳದ ಹೊರಮೈಯಲ್ಲಿ. ಹೊಂದುವುದಿಲ್ಲ. ಇರಲಿ. ಬೈಗುಳ ಅವನಿಗೆ ಬೇರೆ ಲೆಕ್ಕಕ್ಕೆ ಸಲ್ಲುತ್ತದೆ.

ಮಾರ್ಚ್ 15, ಶನಿವಾರ

ಇವತ್ತು ನಿದ್ದೆಯಣ್ಣ ಬಂದಿದ್ದ. ಹದಿನಾಲ್ಕು ದೋಣಿಯವರಲ್ಲಿ ಇವನಷ್ಟು ಸೋಮಾರಿ ಇನ್ನೊಬ್ಬನಿಲ್ಲ. ಬಲೆ ಬಿಟ್ಟು ದೋಣಿಯಲ್ಲೇ ಮಲಗುತ್ತಾನೆ. ಒಮ್ಮೆ ದೋಣಿ ತೇಲಿ ತಾನಾಗಿಯೇ ದಡಕ್ಕೆ ಬಂದು ನಿಂತಿತ್ತಂತೆ, ಆಗಲೂ ಏಳಲಿಲ್ಲವಂತೆ. ಮೊಳೆ ಬಡಿಯುವ ಸುತ್ತಿಗೆ ಕೇಳಲು ಬಂದ.

"ಸುತ್ತಿಗೆ ನಂಗೇ ಬೇಕು. ನಿನ್ನ ದೋಣಿಗೆ ಎಷ್ಟು ತೂತು?"

"ಸಭೇಲಿ ಎಲ್ಲರೂ ನಮ್ಮ ದೋಣಿ ಜರಡಿ ಆಗಿದೆ ಅಂದ್ರು. ನಂದು ಸೋರಲ್ವಲ್ಲ."

"ಸೋರಲ್ವಾ?"

"ಒಂದು ಹನೀನೂ ಇಲ್ಲ. ಸೀಟು ಮುರಿದಿದೆ ಅಷ್ಟೆ. ಮಲಗಿದ್ರೆ ಬೆನ್ನಿಗೆ ಚುಚ್ಚುತ್ತೆ."

ಸುತ್ತಿಗೆ ಕೆಳಗಿಟ್ಟೆ. ಎಲ್ಲರೂ ಒಟ್ಟಿಗೆ ಕೊಂಡ ದೋಣಿಗಳು. ಒಂದೇ ನೀರು, ಒಂದೇ ಬಣ್ಣ. ಹದಿಮೂರು ಜರಡಿಯಾಗಿವೆ, ಈ ಸೋಮಾರಿಯದು ಮಾತ್ರ ಗಟ್ಟಿ.

"ಕಚೇರಿ ಬಣ್ಣ ನೀನು ಬಳೀಲಿಲ್ವಾ?"

"ಬಳಿದೆ. ಆದ್ರೆ ಅಕ್ಕಾ, ಬೈಬೇಡ. ಅವರು ಹೇಳಿದ್ರಲ್ಲ, ಹಳೇ ಬಣ್ಣ ಪೂರ್ತಿ ಉಜ್ಜಿ ತೆಗೆದು, ತಗಡು ಹೊಳೆಯೋವರೆಗೂ ಉಜ್ಜಿ, ಆಮೇಲೆ ಬಳೀರಿ ಅಂತ? ನಾನು ಉಜ್ಜಲೇ ಇಲ್ಲ. ಯಾರು ಉಜ್ಜುತ್ತಾರೆ ಅದನ್ನ! ಹಳೇದರ ಮೇಲೇ ಬಳಿದು ಮಲಗಿಬಿಟ್ಟೆ."

ಹಿಂದೆ ಕುರ್ಚಿ ಕಿರುಗುಟ್ಟಿತು. ಅಪ್ಪ ಎದ್ದು ನಿಂತಿದ್ದರು.

"ನಾನು ಮೂರು ದಿನ ಉಜ್ಜಿದೆ" ಎಂದರು. "ಮಂಡಿಯೂರಿ ಉಜ್ಜಿದೆ. ಕನ್ನಡಿ ಹಾಗೆ ಮಾಡಿದ್ದೆ."

ಮಾರ್ಚ್ 16, ಭಾನುವಾರ

ಮಧ್ಯಾಹ್ನ ಗೇಟಿನವ ಹಿತ್ತಲ ಬೇಲಿಯ ಹತ್ತಿರ ಬಂದು ನಿಂತ. ಒಳಗೆ ಬಾ ಎಂದು ನಾನು ಕರೆಯಲಿಲ್ಲ. ಚೀಲದಿಂದ ಒಂದು ಖಾಲಿ ಡಬ್ಬಿ ತೆಗೆದು ಬೇಲಿಯ ಮೇಲಿಟ್ಟ. ದೊಡ್ಡ ತಗಡಿನ ಡಬ್ಬಿ, ಬಾಯಲ್ಲಿ ಕೆಂಪು ಬಣ್ಣ ಒಣಗಿ ಅಂಟಿದೆ.

"ಬಲೆ ಕೋಣೇಲಿ ಇಂಥವು ರಾಶಿ ಇದೆ. ನಿನ್ನೆ ಕೋಣೆ ಗುಡಿಸೋಕೆ ನನ್ನನ್ನ ಕಳಿಸಿದ್ರು. ಹಿಂದೆ ಓದು."

ಓದಿದೆ. ಸಣ್ಣ ಅಕ್ಷರವೇನಲ್ಲ. ಹೆಬ್ಬೆರಳಿನಷ್ಟು ದಪ್ಪ ಅಕ್ಷರ, ಸುತ್ತ ಕಪ್ಪು ಚೌಕಟ್ಟು: ತಾಮ್ರ ಬೆರೆಸಿದ ಬಣ್ಣ. ಮರದ ದೋಣಿಗೆ ಮಾತ್ರ. ಅಲ್ಯೂಮಿನಿಯಂ ಮೈಗೆ ಬಳಿಯಕೂಡದು, ಲೋಹವನ್ನು ತಿನ್ನುತ್ತದೆ.

ನಮಗೆ ಡಬ್ಬಿ ಕೊಡಲಿಲ್ಲ. ಬಕೆಟ್ಟಿಗೆ ಸುರಿದು ಕೊಟ್ಟರು. ಎಲ್ಲಿಯೋ ಮರದ ದೋಣಿಗೆಂದು ತರಿಸಿ ಮಿಕ್ಕದ್ದನ್ನು ಬಕೆಟ್ಟಿಗೆ ಸುರಿದು, ತಗಡು ಹೊಳೆಯುವವರೆಗೂ ಉಜ್ಜಿ ಎಂದು ಬುದ್ಧಿ ಹೇಳಿ, ಫೋಟೊ ತೆಗೆದು ಕೊಟ್ಟರು. ನಿದ್ದೆಯಣ್ಣನ ದೋಣಿಯಲ್ಲಿ ಹಳೆಯ ಬಣ್ಣ ನಡುವೆ ಉಳಿದು ತಾಮ್ರ ತಗಡಿಗೆ ತಾಗಲಿಲ್ಲ. ಯಾರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರೋ ಅವರ ದೋಣಿಗೆ ಹೆಚ್ಚು ತೂತು. ಅಪ್ಪ ಎಲ್ಲರಿಗಿಂತ ಚೆನ್ನಾಗಿ ಉಜ್ಜಿದರು. ಅವರದು ಅರವತ್ತೊಂದು.

ಕೊಟ್ಟದ್ದು ಒಂದೇ ಒಂದು. ಅದೂ ವಿಷ.

ಡಬ್ಬಿಯನ್ನು ಒಳಗೆ ತಂದು ಬಟ್ಟೆಯಲ್ಲಿ ಸುತ್ತಿ ಇಟ್ಟೆ.

ಮಾರ್ಚ್ 17, ಸೋಮವಾರ

ಕಾರ್ಖಾನೆಯಲ್ಲಿ ಇವತ್ತು ಚೂರಿ ಎರಡು ಸಲ ಜಾರಿತು. ಮೇಸ್ತ್ರಿ "ಏನಮ್ಮಾ, ಮೀನಿನ ಮೇಲೆ ಯಾಕೆ ಸಿಟ್ಟು?" ಎಂದ. ಮೀನಿನ ಮೇಲಲ್ಲ ಎಂದೆ.

ಮಾರ್ಚ್ 20, ಗುರುವಾರ

ನಾಲ್ಕು ದಿನದಿಂದ ಕೆಂಪು ಕೆರೆಯುತ್ತಿದ್ದೇನೆ. ಕೂದಲಲ್ಲಿ ಕೆಂಪು, ಉಗುರಲ್ಲಿ ಕೆಂಪು. ಉಗುಳಿದರೆ ಅದೂ ಕೆಂಪು.

ತೂತುಗಳಿಗೆ ಬೆಸುಗೆ ಹಾಕಲಾಗದು ಎಂದ ವೆಲ್ಡರ್. ಸುತ್ತಲಿನ ತಗಡು ಕಾಗದದಷ್ಟು ತೆಳ್ಳಗಾಗಿದೆ, ಶಾಖಕ್ಕೆ ಕರಗಿ ಇನ್ನೂ ಅಗಲವಾಗುತ್ತದಂತೆ. ತೀರಾ ತೆಳ್ಳಗಾದ ತಗಡನ್ನು ಕತ್ತರಿಸಿ ಕಿತ್ತು, ತಳಕ್ಕೆ ಹೊಸ ತಗಡು ಹೊದಿಸಿ, ನಡುವೆ ರಬ್ಬರಿನಂಥ ಅಂಟು ಹಚ್ಚಿ, ರಿವೆಟ್ ಬಡಿಯಬೇಕು. ಹೊಸ ತಗಡು ಅವನೇ ಕತ್ತರಿಸಿ ಕೊಟ್ಟ.

ರಿವೆಟ್ ಒಬ್ಬರಿಂದ ಆಗುವ ಕೆಲಸವಲ್ಲ. ಹೊರಗಿನಿಂದ ಒಬ್ಬರು ಸುತ್ತಿಗೆಯಲ್ಲಿ ಬಡಿಯಬೇಕು, ಒಳಗಿನಿಂದ ಇನ್ನೊಬ್ಬರು ಭಾರದ ಕಬ್ಬಿಣದ ತುಂಡೊಂದನ್ನು ಅದೇ ರಿವೆಟ್ಟಿನ ತಲೆಗೆ ಒತ್ತಿ ಹಿಡಿಯಬೇಕು. ಒಬ್ಬರಿಗೊಬ್ಬರು ಕಾಣುವುದಿಲ್ಲ, ನಡುವೆ ತಗಡು. ಕಬ್ಬಿಣ ಹಿಡಿಯಲು ಅಪ್ಪನಿಗೆ ಕೂರಲಾಗದು. ವೆಲ್ಡರ್‌ಗೆ ಅವನ ಕೆಲಸವಿದೆ.

ಎರಡು ಗಂಟೆಗೆ ಡ್ಯೂಟಿ ಮುಗಿಸಿ ಗೇಟಿನವ ಬಂದ. ಟೋಪಿ ತೆಗೆದು ಬೇಲಿಗೆ ಸಿಕ್ಕಿಸಿ, ದೋಣಿಯೊಳಗೆ ತೂರಿ ಕಬ್ಬಿಣ ಹಿಡಿದ. ನಾನು ಸುತ್ತಿಗೆ ಎತ್ತಿಕೊಂಡೆ. ಬಡಿದೆ.

ಮಾರ್ಚ್ 22, ಶನಿವಾರ

ಇವತ್ತು ಎಪ್ಪತ್ತು ರಿವೆಟ್. ಅವನು ಒಳಗಿನಿಂದ ಒಂದು ಸಲ ಕುಟ್ಟಿದರೆ ಹಿಡಿದಿದ್ದೇನೆ ಎಂದು, ಎರಡು ಸಲ ಕುಟ್ಟಿದರೆ ಸರಿ ಕೂತಿದೆ, ಮುಂದಿನದಕ್ಕೆ ಹೋಗು ಎಂದು. ಮೂರು ಸಲ ಕುಟ್ಟಿದ.

"ಮೂರು ಅಂದ್ರೇನು?"

"ನನ್ನ ಬೆರಳ ಮೇಲೆ ಬಡಿದೆ ಅಂತ" ಎಂದು ಒಳಗಿನಿಂದ ಕೂಗಿದ.

ಅಪ್ಪ ನಕ್ಕರು. ಅಪ್ಪ ನಕ್ಕು ಎಷ್ಟು ದಿನವಾಯಿತೋ.

"ಗೇಟಲ್ಲಿ ಅಷ್ಟು ಬೈದೆನಲ್ಲ, ಒಂದು ಮಾತೂ ಆಡಲಿಲ್ಲ ಯಾಕೆ?" ಎಂದು ಕೇಳಿದೆ.

"ನೀನು ಮಾತಾಡೋವಾಗ ನಡುವೆ ಬಾಯಿ ಹಾಕಿ ಬದುಕಿದವರು ಯಾರಿದಾರೆ? ಕೇಳು ಅಕ್ಕಾ, ದೋಣಿ ಸೋರಿದಾಗ ನಂಗೂ ಅಪ್ಪ ಸರಿಯಾಗಿ ಬಳೀಲಿಲ್ಲ ಅಂತಲೇ ಅನ್ನಿಸ್ತು. ಅವರಿಗೆ ಹೇಳೋಕೆ ಆಗಲಿಲ್ಲ. ಅದಕ್ಕೇ ಕವುಚಿ ಹಾಕಿ ಹೋದೆ."

ಅಪ್ಪನಿಗೂ ಹಾಗೆಯೇ ಅನ್ನಿಸಿತ್ತಂತೆ. ಒಂದು ವರ್ಷ, ಅಪ್ಪನೂ ಮಗನೂ ಅದನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಕೂತಿದ್ದರು, ನಾನು ತಪ್ಪನ್ನು ಇವನ ತಲೆಗೆ ಕಟ್ಟಿದ್ದೆ. ತಪ್ಪು ಬೀಗ ಹಾಕಿದ ಕೋಣೆಯಲ್ಲಿ ಆರಾಮಾಗಿತ್ತು.

ಮಾರ್ಚ್ 26, ಬುಧವಾರ

ಡಬ್ಬಿಯ ಸುದ್ದಿ ಕೇಳಿ ಮಿಕ್ಕ ದೋಣಿಯವರೂ ರಿಪೇರಿಗಿಳಿದಿದ್ದಾರೆ. ನನ್ನ ಡ್ರಿಲ್ಲು ಮೂರು ಮನೆ ಸುತ್ತಿ ಬಂತು. ಬಂದಾಗ ಕೊರೆಯುವ ಬಿಟ್ ಮುರಿದಿತ್ತು. ಹೋಗಿ ಬೈದೆ. ಬೈಯುತ್ತಾ ರಿವೆಟ್ ಹೇಗೆ ಹಿಡಿಯಬೇಕೆಂದು ತೋರಿಸಿದೆ, ಅವರು ಅಂಟನ್ನು ಅನ್ನದ ಮೇಲೆ ಸಾರು ಸುರಿದ ಹಾಗೆ ಸುರಿಯುತ್ತಿದ್ದರು. ಅಲ್ಲಿಂದ ಇನ್ನೊಂದು ಮನೆಗೆ ಕರೆದರು. ಕೆಂಪು ಪೂರ್ತಿ ಕೆರೆಯದೆ ಹೊಸ ತಗಡು ಹೊದಿಸಿದ್ದರು! ಎಲ್ಲ ಕೀಳಿಸಿದೆ. ಮನೆ ಸೇರುವ ಹೊತ್ತಿಗೆ ನಮ್ಮ ಕೆಲಸ ಒಂದು ದಿನ ಹಿಂದೆ ಬಿದ್ದಿತ್ತು. ನನ್ನ ಹಣೆಬರಹ.

ಹೊಸ ಹಲಗೆ ಕೂರಿಸಿದೆವು. ಮರದಂಗಡಿಯವನು "ಗೆದ್ದಲು ಹಿಡಿಯದ ಹಾಗೆ ಔಷಧಿ ಕುಡಿಸಿದ್ದು ಕೊಡ್ಲಾ?" ಎಂದ. ಔಷಧಿಯಲ್ಲಿ ಏನಿದೆ ಎಂದರೆ, ತಾಮ್ರ. ಅವನ ಪುಣ್ಯ, ನನ್ನ ಕೈಯಲ್ಲಿ ಸುತ್ತಿಗೆ ಇರಲಿಲ್ಲ.

ಮಾರ್ಚ್ 29, ಶನಿವಾರ

ಮತ್ತೆ ನೀರು ತುಂಬಿಸಿದೆವು. ಅಡಿಯಲ್ಲಿ ಮಲಗಿ ಒಂದು ಗಂಟೆ ಕಾದೆ. ಸುಣ್ಣದ ಕಡ್ಡಿ ಹೊಸದು ಹಾಗೆಯೇ ಉಳಿಯಿತು.

ಪಂಪು ಓಡುತ್ತದೆ. ದೀಪ ಎರಡೂ ಉರಿಯುತ್ತವೆ. ಅಪ್ಪ ಗುಂಡಿ ಒತ್ತಿ ಆರಿಸಿ, ಒತ್ತಿ ಉರಿಸಿ, ಬ್ಯಾಟರಿ ಮುಗಿಯುವವರೆಗೂ ನಂಬಲಿಲ್ಲ.

ಮಾರ್ಚ್ 31, ಸೋಮವಾರ

ಒಂಬತ್ತು ದೋಣಿ ಸಿದ್ಧವಾಗಿದ್ದವು. ನೀರಿಗಿಳಿಸಿ ಎರಡು ಗಂಟೆ ನಿಲ್ಲಿಸಿದರು. ಒಂಬತ್ತೂ ಒಳಗೆ ಒಣಗಿಯೇ ಇದ್ದವು. ಮಿಕ್ಕ ಐದು ಅರ್ಧ ಕೆಲಸದಲ್ಲೇ ಉಳಿದಿವೆ.

ತಪಾಸಣೆಯ ಸಾಹೇಬ ನಮ್ಮ ದೋಣಿಯ ತಳ ತಟ್ಟಿ ನೋಡಿದ. "ಭೇಷ್! ಕಾರ್ಖಾನೇಲೂ ಹೀಗೆ ಮಾಡಲ್ಲ" ಎಂದ. ನನಗೆ ಒಂದು ಗಳಿಗೆ ಹಿಗ್ಗಾಯಿತು, ಸುಳ್ಳು ಯಾಕೆ ಬರೆಯಲಿ. ಆಮೇಲೆ ಒಂದು ಕಾಗದ ಮುಂದಿಟ್ಟ.

"ಇಲ್ಲೊಂದು ಸಹಿ ಹಾಕಮ್ಮ. ಪರವಾನಗಿ ಕೈಗೆ ತಗೊಂಡು ಹೋಗು."

ಓದಿದೆ. 'ದೋಣಿಗೆ ಈ ಹಿಂದೆ ಆದ ಹಾನಿಯು ಮಾಲೀಕರ ನಿರ್ಲಕ್ಷ್ಯದಿಂದ ಆಗಿದ್ದು, ಕಚೇರಿಯು ಇದಕ್ಕೆ ಹೊಣೆಯಲ್ಲವೆಂದು ಒಪ್ಪಿರುತ್ತೇನೆ.'

"ಸಾಹೇಬ್ರೇ, ಇದು ಸುಳ್ಳು."

"ಎಲ್ಲರಿಗೂ ಒಂದೇ ಕಾಗದ ಅಮ್ಮ. ಬರೀ ಪದ್ಧತಿ."

"ನಿರ್ಲಕ್ಷ್ಯ ಮಾಡಿದವನ ದೋಣಿ ಅಲ್ಲಿದೆ ನೋಡಿ. ಅದಕ್ಕೆ ಒಂದು ತೂತೂ ಇಲ್ಲ. ನಿಮ್ಮ ಮಾತು ಕೇಳಿದವರದ್ದು ಮಾತ್ರ ಜರಡಿ ಆಯ್ತು."

"ಯಾರು ಹೇಳಿದ್ದು ನಿಮಗೆ?"

ಚೀಲದಿಂದ ಡಬ್ಬಿ ತೆಗೆದು ಅವನ ಮೇಜಿನ ಮೇಲೆ ಕುಕ್ಕಿದೆ. "ಇದು ಹೇಳಿದ್ದು. ಓದಿ. ಗಟ್ಟಿಯಾಗಿ ಓದಿ, ಎಲ್ಲರಿಗೂ ಕೇಳಲಿ."

ಅವನು ಓದಲಿಲ್ಲ. ಡಬ್ಬಿ ನೋಡಲಿಲ್ಲ, ಗೇಟಿನ ಕಡೆ ನೋಡಿದ. ಅಲ್ಲಿ ತಮ್ಮ ನಿಂತಿದ್ದ. ಆಗ ನನಗೆ ಹೊಳೆಯಿತು, ನಾನು ಏನು ಮಾಡಿಬಿಟ್ಟೆ ಎಂದು.

"ಹದಿನೈದು ದಿನ ಇದೆ" ಎಂದ ಸಾಹೇಬ, ಮೆಲ್ಲಗೆ. "ಸಹಿ ಹಾಕಿದ್ರೆ ಪರವಾನಗಿ. ಇಲ್ಲದಿದ್ರೆ ದೋಣೀನ ಹಿತ್ತಲಲ್ಲಿ ಇಟ್ಕೊಂಡು ಅದರಲ್ಲಿ ಹೂವಿನ ಗಿಡ ಬೆಳೆಸಿ."

ಆರು ಮಂದಿ ಸಹಿ ಹಾಕಿದರು. ನಾನೂ ಇನ್ನಿಬ್ಬರು ದೋಣಿಯವರೂ ಹಾಕಲಿಲ್ಲ.

ಏಪ್ರಿಲ್ 1, ಮಂಗಳವಾರ

ಅಪ್ಪ ಮಾತು ಬಿಟ್ಟಿದ್ದಾರೆ. ಬಿಡುವ ಮೊದಲು ಆಡಿದ್ದು ಇಷ್ಟು:

"ಒಂದು ಸಹಿ. ಒಂದು ಗೀಟು. ನಾನು ಸಾಯೋದ್ರೊಳಗೆ ದೋಣಿ ನೀರಲ್ಲಿ ನೋಡಬೇಕು ಅಂದ್ರೆ ಒಂದು ಗೀಟು ಎಳೆಯೋಕೆ ಆಗಲ್ವಾ ನಿಂಗೆ?"

"ಅದರಲ್ಲಿ ತಪ್ಪು ನಿಮ್ಮದು ಅಂತ ಬರೆದಿದೆ, ಅಪ್ಪಾ."

"ಬರೀಲಿ! ನಂಗೇನು ಅದನ್ನ ಗೋಡೆಗೆ ತೂಗುಹಾಕ್ತಾರಾ?"

ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ. ಹಟದಲ್ಲಿ ನಾನು ಅವರ ಮಗಳು.

ಏಪ್ರಿಲ್ 2, ಬುಧವಾರ

ತಮ್ಮನನ್ನು ಕೆಲಸದಿಂದ ತೆಗೆದರು. ಡಬ್ಬಿ ಕದ್ದ ಎಂದು. ಖಾಲಿ ಡಬ್ಬಿ!

ಕ್ಷಮೆ ಕೇಳಲು ಹೋದೆ. ಬಾಯಿಗೆ ಬರಲಿಲ್ಲ. "ಟೋಪಿ ವಾಪಸು ಕೊಟ್ಯಾ?" ಎಂದೆ.

"ಕೊಟ್ಟೆ. ತಲೆ ನಂಗೇ ಬಿಟ್ಟರು" ಎಂದ.

ಏಪ್ರಿಲ್ 3, ಗುರುವಾರ

ನಿದ್ದೆಯಣ್ಣ ಬೆಳಿಗ್ಗೆ ಏಳು ಗಂಟೆಗೆ ಬಂದ. ಅವನು ಏಳು ಗಂಟೆಗೆ ಎದ್ದಿದ್ದನ್ನು ಇಲ್ಲಿ ಯಾರೂ ಕಂಡವರಿಲ್ಲ. ಅವನೂ ಸಹಿ ಹಾಕಿದವನೇ. ಪರವಾನಗಿ ಜೇಬಿನಲ್ಲಿತ್ತು.

"ನಾನು ಓದಲೇ ಇಲ್ಲ ಅಕ್ಕಾ. ಸಹಿ ಹಾಕು ಅಂದ್ರು, ಹಾಕಿದೆ. ಹೆಂಡತಿ ಓದಿ ಹೇಳಿದ್ಲು. ನಿರ್ಲಕ್ಷ್ಯ ನಂದು, ಸರಿ. ಹಾನಿ ಎಲ್ಲಿದೆ? ನನ್ನ ದೋಣಿಗೆ ಏನೂ ಆಗೇ ಇಲ್ವಲ್ಲ!"

"ಹೋಗು, ನಿಂಗೆ ಸಿಕ್ತಲ್ಲ. ನೆಮ್ಮದಿಯಾಗಿ ಮಲಕ್ಕೋ."

"ಬರ್ತಿಲ್ಲ ಅಕ್ಕಾ ನಿದ್ದೆ. ಅದೇ ಹೇಳೋಕೆ ಬಂದೆ. ನನ್ನ ದೋಣೀನ ತಗೊಳ್ಳಿ. ತಳದಲ್ಲಿ ಅರ್ಧ ಹಾಗೇ ಬಿಡಿ, ಇನ್ನರ್ಧ ಅವರು ಹೇಳಿದ ಹಾಗೆ ಹೊಳೆಯೋವರೆಗೂ ಉಜ್ಜಿ ಅದೇ ಬಣ್ಣ ಬಳೀರಿ. ಉಪ್ಪುನೀರಲ್ಲಿ ಕಟ್ಟಿಡಿ. ಯಾವ ಅರ್ಧ ಸೋರುತ್ತೆ ಅಂತ ಅವರೇ ನೋಡಲಿ. ಪರವಾನಗಿ ಹೋದ್ರೆ ಹೋಗ್ಲಿ."

ನನಗೆ ಬೈಯಲು ಏನೂ ಸಿಗಲಿಲ್ಲ.

ದೋಣಿ ಹಾಳು ಮಾಡುವುದು ಬೇಡ, ನಮ್ಮಲ್ಲಿ ಕಿತ್ತ ತಗಡು ರಾಶಿ ಇದೆ, ಅದರಲ್ಲೇ ಮಾಡಿ ತೋರಿಸೋಣ ಎಂದ ತಮ್ಮ. ಕೆಲಸ ಹೋದವನು ಬೆಳಿಗ್ಗೆಯೇ ನಮ್ಮ ಹಿತ್ತಲಿಗೆ ಬಂದಿದ್ದ. ಹದಿಮೂರು ಮನೆಯಿಂದಲೂ ಒಂದೊಂದು ತುಂಡು ತರಿಸೋಣ, ಯಾರು ಎಷ್ಟು ದಿನ ಉಜ್ಜಿದರು ಎಂದು ತುಂಡಿನ ಮೇಲೆ ಬರೆಯೋಣ ಎಂದೆ ನಾನು. ತಕ್ಷಣ ಇಬ್ಬರೂ ಮಾತಾಡತೊಡಗಿದರು, ನಾನೂ ಮಾತಾಡಿದೆ, ಯಾರು ಯಾರ ಮಾತು ಕೇಳಿದೆವೋ ಗೊತ್ತಿಲ್ಲ.

ಒಳಗಿನಿಂದ ಅಪ್ಪ ಕೂಗಿದರು. ಎರಡು ದಿನದ ಮೇಲೆ ಮೊದಲ ಮಾತು.

"ಪುಸ್ತಕ ತಗೊಂಡು ಬಾರೇ ಇಲ್ಲಿ."

ಹೋದೆ.

"ಬರಕೋ. ಏನನ್ನೂ ಬಿಡಬೇಡ. ಮೊದಲ ದಿನ ಇಟ್ಟಿಗೆ ಚೂರಲ್ಲಿ ಉಜ್ಜಿದೆ. ಎರಡನೇ ದಿನ ಉಪ್ಪುಕಾಗದದಲ್ಲಿ, ಹನ್ನೊಂದು ಹಾಳೆ ಸವೆದವು. ಮೂರನೇ ದಿನ ಬಟ್ಟೇಲಿ ಒರೆಸಿದೆ, ಒಂದು ಬೆರಳ ಗುರುತೂ ಉಳೀಬಾರದು ಅಂದಿದ್ರು, ಉಳಿಸಲಿಲ್ಲ. ಬರೆದ್ಯಾ? ನಿರ್ಲಕ್ಷ್ಯ ಅಂತೆ. ನನ್ನ ಮಂಡಿ ಹೋಗಿದ್ದು ಆ ಮೂರು ದಿನದಲ್ಲಿ. ಅದನ್ನೂ ಬರಿ. ಓದಿ ಹೇಳು."

ಓದಿದೆ. ತಲೆ ಅಲ್ಲಾಡಿಸಿದರು. ಪೆನ್ನು ಕಿತ್ತುಕೊಂಡು ಅಡಿಯಲ್ಲಿ ಅವರೇ ಸಹಿ ಹಾಕಿದರು. ಗೀಟು ಎಷ್ಟು ಒತ್ತಿ ಎಳೆದರೆಂದರೆ ಹಿಂದಿನ ಹಾಳೆಗೂ ಮೂಡಿದೆ.

"ಈಗ ಇದನ್ನ ಎಲ್ಲಿ ಓದ್ತೀಯ?"

ಮಿಕ್ಕ ಹನ್ನೆರಡು ಮನೆಗೂ ನಾನೂ ತಮ್ಮನೂ ನಡೆದೇ ಹೋಗಿ, ಸಭೆಗೆ ಬನ್ನಿ ಎಂದು ಹೇಳಿ ಬಂದೆವು. ಸಹಿ ಹಾಕಿದವರಿಗೂ ಹೇಳಿದೆವು. ಇಬ್ಬರು ಬಾಗಿಲು ತೆರೆಯಲಿಲ್ಲ, ಬಾಗಿಲಿಗೇ ಹೇಳಿದೆವು. ಒಬ್ಬೊಬ್ಬರೂ ಕಿತ್ತ ತಗಡಿನ ಒಂದು ತುಂಡು, ಉಜ್ಜಿದ ದಿನಗಳ ಲೆಕ್ಕ, ಕೂರಲು ಏನಾದರೂ ತರಬೇಕು. ನಮ್ಮಲ್ಲಿರುವುದು ಮೂರೇ ಕುರ್ಚಿ, ಒಂದು ಅಪ್ಪನದು.

ಭಾನುವಾರ, ಏಪ್ರಿಲ್ 6. ಸಂಜೆ ನಾಲ್ಕು ಗಂಟೆ. ನಮ್ಮ ಹಿತ್ತಲು.